ಐದನೇ ಸುರಂಗದ ಉಸಿರು

ಒಂದು ಪುಸ್ತಕಕ್ಕೆ ಒಂದೇ ಪ್ರತಿ ಸಾಕು ಎಂದು ನಲವತ್ತೊಂದು ಗ್ರಂಥಾಲಯಗಳು ಒಪ್ಪಂದ ಮಾಡಿಕೊಂಡ ವರ್ಷವೇ ಅಂಬುಜಾಕ್ಷಿಗೆ ಹೊನ್ನಕೆರೆಯಲ್ಲಿ ಕೆಲಸ ಸಿಕ್ಕಿತು. ಚಿನ್ನ ಮುಗಿದು, ಎಷ್ಟೋ ವರ್ಷಗಳಿಂದ ಬಾಯಿ ಮುಚ್ಚಿಕೊಂಡು ಬಿದ್ದಿದ್ದ ಗಣಿ ಅದು. ಅದರ ಮೇಲಿನ ಸುರಂಗಗಳನ್ನು ಒಣಗಿಸಿ, ಗೋಡೆಗೆ ಗಾರೆ ಮೆತ್ತಿ, ಉಕ್ಕಿನ ಕಪಾಟುಗಳನ್ನು ನಿಲ್ಲಿಸಿ, ನಾಡಿನ ಮೂಲೆಮೂಲೆಯಿಂದ ಲಾರಿಗಟ್ಟಲೆ ಪುಸ್ತಕ ತಂದು ಇಳಿಸಿದ್ದರು.

ಪರದೆಯ ಮೇಲಿನ ಬರಹವನ್ನು ಆ ಹೊತ್ತಿಗೆ ಯಾರೂ ನಂಬುತ್ತಿರಲಿಲ್ಲ. ಯಂತ್ರವೇ ಬರೆದು, ಯಂತ್ರವೇ ತಿದ್ದಿ, ಇವತ್ತು ಓದಿದ ಸಾಲು ನಾಳೆ ಬೇರೆಯಾಗಿರುತ್ತಿತ್ತು. ಒಂದೇ ಔಷಧಿಯ ಹೆಸರಿನ ಕೆಳಗೆ ಎರಡು ಊರಿನಲ್ಲಿ ಎರಡು ಪ್ರಮಾಣ ಕಂಡು ಜನ ಸತ್ತ ಮೇಲೆ, ಕೋರ್ಟಿನಿಂದ ಹಿಡಿದು ಕಾಲೇಜಿನವರೆಗೆ ಎಲ್ಲರೂ ಹಳೆಯ ಕಾಗದವನ್ನೇ ಸಾಕ್ಷಿ ಎಂದು ಕೇಳತೊಡಗಿದರು. ಆದರೆ ಕಾಗದವನ್ನು ಗೆದ್ದಲು, ಒದ್ದೆ, ಬೆಂಕಿಗಳಿಂದ ಕಾಪಾಡುವುದು ಒಂದೊಂದೇ ಗ್ರಂಥಾಲಯದ ಕೈಯಲ್ಲಿ ಆಗುವ ಮಾತಲ್ಲ. ಹಾಗಾಗಿ ಎಲ್ಲರೂ ಸೇರಿ ಒಂದು ಕೂಟ ಕಟ್ಟಿಕೊಂಡರು. ಪುಸ್ತಕಗಳೆಲ್ಲ ಹೊನ್ನಕೆರೆಯ ಭಂಡಾರದಲ್ಲಿ. ಸಿಂಧನೂರಿನ ಓದುಗನೊಬ್ಬ ತನ್ನೂರಿನ ಕೌಂಟರಿನಲ್ಲಿ ಕೇಳಿದರೆ, ನೆಲದಡಿಯಲ್ಲಿ ಒಂದು ಟ್ರಂಕು ಹಳಿಯ ಮೇಲೆ ಓಡಿ, ಯಂತ್ರದ ಕೈ ಆ ಪುಸ್ತಕವನ್ನು ಅದರೊಳಗೆ ಇಟ್ಟು, ಮೇಲಕ್ಕೆ ಕಳಿಸುತ್ತಿತ್ತು. ಮಾರನೆಯ ದಿನ ಪುಸ್ತಕ ಸಿಂಧನೂರಿನಲ್ಲಿ.

ಬೆಂಕಿಯ ಭಯಕ್ಕೆ ಸುರಂಗಗಳ ಗಾಳಿಯಲ್ಲಿ ಆಮ್ಲಜನಕ ತಗ್ಗಿಸಿ ಸಾರಜನಕ ತುಂಬಿದ್ದರು. ಬೆಂಕಿಕಡ್ಡಿ ಗೀರಿದರೆ ಹತ್ತುತ್ತಿರಲಿಲ್ಲ. ಮನುಷ್ಯರು ಹೋಗಬಹುದಿತ್ತು, ಆದರೆ ಎತ್ತರದ ಬೆಟ್ಟ ಹತ್ತಿದ ಹಾಗೆ ಏದುಸಿರು ಬರುತ್ತಿತ್ತು, ತಲೆ ಭಾರವಾಗುತ್ತಿತ್ತು.

ಕೂಟದಲ್ಲಿ ಒಬ್ಬರಿಗೊಬ್ಬರ ಮೇಲೆ ನಂಬಿಕೆ ಇರಲಿಲ್ಲ ಎಂಬುದನ್ನೂ ಹೇಳಬೇಕು. ದೊಡ್ಡವರು ನುಂಗಿಬಿಡುತ್ತಾರೆಂದು ಚಿಕ್ಕ ಊರಿನವರಿಗೆ ಹೆದರಿಕೆ. ಅದಕ್ಕೇ ಭಂಡಾರಕ್ಕೆ ಯಾರನ್ನೂ ಯಜಮಾನರನ್ನಾಗಿ ಮಾಡಲಿಲ್ಲ. ಪುಸ್ತಕ ಕೇಳುವ ಹಕ್ಕು ಪ್ರತಿ ಕೌಂಟರಿಗೂ ದಿನಕ್ಕೆ ಇಷ್ಟೇ ಎಂದು ಸಮನಾಗಿ ಹಂಚಿದರು. ಬೆಂಕಿಯ ಎಚ್ಚರಿಕೆ ಬಂದಾಗ ಸುರಂಗಗಳು ತಾವೇ ಮುಚ್ಚಿಕೊಳ್ಳಬೇಕು, ಮತ್ತೆ ತೆರೆಯಬೇಕಾದರೆ ಸದಸ್ಯ ಗ್ರಂಥಾಲಯಗಳಲ್ಲಿ ಅರ್ಧಕ್ಕಿಂತ ಹೆಚ್ಚಿನ ಮುಖ್ಯಸ್ಥರು ಒಪ್ಪಿಗೆ ಒತ್ತಬೇಕು ಎಂದು ಬರೆದುಕೊಂಡರು. ಎಲ್ಲರ ಏಕೈಕ ಪ್ರತಿಗಳ ಮೇಲೆ ಒಬ್ಬನ ಅವಸರ ನಡೆಯಬಾರದಲ್ಲ. ಆಗ ಅದು ಎಲ್ಲರಿಗೂ ನ್ಯಾಯವಾಗಿಯೇ ಕಂಡಿತ್ತು, ಅಂಬುಜಾಕ್ಷಿಗೂ.

ಆ ಶನಿವಾರ ಬೆಳಿಗ್ಗೆ ಅವಳ ಗಂಡ ಚಂಗಲರಾಯ ಬೇಕರಿಗೆ ಹೊರಡುವ ಮುಂಚೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಅವನ ಅಂಗಿಗೆ ಆಗಲೇ ಮೈದಾ ಮೆತ್ತಿತ್ತು.

"ನಿನ್ನೆನೂ ತಲೆನೋವು ಅಂದೆ. ಇವತ್ತು ರಜ ಹಾಕ್ಬಾರ್ದಾ?"

"ಇವತ್ತು ಎರಡನೇ ಶನಿವಾರ. ಅರ್ಧಕ್ಕರ್ಧ ಲೈಬ್ರರಿ ರಜ. ಬೇಡಿಕೆ ಕಡಿಮೆ ಇರುತ್ತೆ, ಅದಕ್ಕೇ ಇವತ್ತೇ ಹಳಿ ರಿಪೇರಿ ಮಾಡ್ಬೇಕು."

"ಆ ಬಿಲದೊಳಗೆ ಹೋಗೋ ಕೆಲಸ ಬಿಡು ಅಂತ ಎಷ್ಟು ಸಲ ಹೇಳೋದು. ನಮ್ಮ ತಾತ ಹೋಗಿ ಕೆಮ್ಮಿ ಸತ್ತ. ನೀನೂ ಅದೇ ಗಣಿಗೆ ಹೋಗ್ತೀಯ."

"ತಾತ ಕಲ್ಲು ಒಡೆಯೋಕೆ ಹೋಗಿದ್ರು. ನಾನು ಪುಸ್ತಕ ನೋಡ್ಕೊಳ್ಳೋಕೆ ಹೋಗ್ತೀನಿ," ಎಂದು ಅವಳು ಡಬ್ಬಿ ಕಟ್ಟಿಕೊಂಡಳು. ಅವನು ಬೇಕರಿಗೆ ಹೊರಟ. ಅವರ ನಡುವೆ ಈ ಮಾತು ಅಲ್ಲಿಗೇ ನಿಲ್ಲುತ್ತಿತ್ತು, ಯಾವಾಗಲೂ.

ಭಂಡಾರದ ಕಂಟ್ರೋಲ್ ರೂಮಿನಲ್ಲಿ ಅವತ್ತು ಸ್ಟ್ಯಾನ್ಲಿ ಒಬ್ಬನೇ ಇದ್ದ. ಒಬ್ಬರು ಒಳಗೆ ಹೋದರೆ ಒಬ್ಬರು ಮೇಲೆ ಕೂರಬೇಕು ಎಂಬುದು ಕಟ್ಟಳೆ. ಅಂಬುಜಾಕ್ಷಿ ದೊಡ್ಡ ಬಾಗಿಲು ದಾಟಿ, ನಾಲ್ಕನೇ ಸುರಂಗದ ಉದ್ದಕ್ಕೂ ನಡೆದು, ಅದರ ತುದಿಯಲ್ಲಿ, ಬೆಂಕಿ ಬಂದರೆ ಇಳಿಯುವ ಉಕ್ಕಿನ ಷಟರಿನ ಕೆಳಗೆ ಹಾದು ಐದನೆಯದಕ್ಕೆ ಹೋದಳು. ಐದಕ್ಕೆ ಬೇರೆ ದಾರಿ ಇಲ್ಲ. ಟ್ರಂಕುಗಳು ಬಂದು ಹೋಗುವ ಕಿಂಡಿಯೊಂದಿತ್ತು, ಆದರೆ ಅದರಲ್ಲಿ ಮನುಷ್ಯನ ಭುಜ ತೂರುವಂತಿರಲಿಲ್ಲ.

ಐದನೇ ಸುರಂಗದಲ್ಲಿ ಅವಳು ಹಳಿಯ ಬೋಲ್ಟು ಬಿಗಿ ಮಾಡುತ್ತಿದ್ದಾಗ ನಾಲ್ಕರಲ್ಲಿ ಟ್ರಂಕು ಹೊತ್ತು ಓಡುತ್ತಿದ್ದ ಗಾಡಿಯೊಂದರ ಬೇರಿಂಗು ಸಿಕ್ಕಿಹಾಕಿಕೊಂಡು ಕಾದಿತು. ಕಾದ ಗ್ರೀಸು ಕೆಳಗಿನ ಹಳೆಯ ಕಟ್ಟುಗಳ ಮೇಲೆ ತೊಟ್ಟಿಕ್ಕಿ, ಕಾಗದ ಉರಿಯದೆ ಕೆಂಡವಾಗಿ ಹೊಗೆಯಾಡತೊಡಗಿತು. ಅವಳಿಗೆ ಮೊದಲು ಕೇಳಿಸಿದ್ದು ಗಂಟೆ. ಸ್ಪ್ಯಾನರು ಕೈಬಿಟ್ಟು ಓಡಿದಳು. ತೆಳುವಾದ ಗಾಳಿಯಲ್ಲಿ ಕಾಲು ಏಳುತ್ತಿರಲಿಲ್ಲ, ಕನಸಿನಲ್ಲಿ ಓಡಿದ ಹಾಗೆ. ಅವಳು ತಲುಪುವ ಹೊತ್ತಿಗೆ ಷಟರು ನೆಲ ಮುಟ್ಟಿತ್ತು. ಅಂಗೈಯಿಂದ ಬಡಿದಳು. ಉಕ್ಕು ತಣ್ಣಗಿತ್ತು, ಸದ್ದನ್ನೂ ನುಂಗಿತು.

ಗೋಡೆಯ ಫೋನು ಹೊಡೆದುಕೊಂಡಿತು.

"ಮೇಡಂ, ಎಲ್ಲಿದೀರಾ?" ಸ್ಟ್ಯಾನ್ಲಿಯ ದನಿ.

"ಐದರಲ್ಲಿ. ಷಟರ್ ಬಿತ್ತು. ಎತ್ತು."

"ಎತ್ತೋಕಾಗಲ್ಲ ಮೇಡಂ. ನಾಲ್ಕರಲ್ಲಿ ಹೊಗೆ ಅಂತ ತೋರಿಸ್ತಿದೆ. ಸಾರಜನಕ ಎಲ್ಲ ಕಡೆ ಬಿಡ್ತಾ ಇದೆ. ನಿಮ್ಮ ಬ್ಯಾಡ್ಜು ಒಳಗಿದೆ ಅಂತ ಅದಕ್ಕೆ ಗೊತ್ತು, ಆದ್ರೂ ಬಿಡ್ತಿದೆ. ನೀವು ಓಡಿ ಹೊರಗೆ ಬರೋಕೆ ಅದು ಟೈಮ್ ಕೊಟ್ಟಾಯ್ತಂತೆ."

ಗೋಡೆಯಲ್ಲಿ ನೇತುಹಾಕಿದ್ದ ಉಸಿರಿನ ಡಬ್ಬಿಯನ್ನು ಅವಳು ಕಿತ್ತು ಮುಖಕ್ಕೆ ಹಾಕಿಕೊಂಡಳು. ಒಳಗಿರುವವರು ದೊಡ್ಡ ಬಾಗಿಲಿನವರೆಗೆ ನಡೆದುಕೊಂಡು ಬರಲಿ ಎಂದು ಇಟ್ಟ ಡಬ್ಬಿ ಅದು. ನಡೆಯಲು ದಾರಿಯೇ ಇಲ್ಲದಿದ್ದರೆ ಏನು ಮಾಡಬೇಕೆಂದು ಯಾರೂ ಯೋಚಿಸಿರಲಿಲ್ಲ.

ಅಗ್ನಿಶಾಮಕದವರು ಬಂದರು. ಮಾಸ್ಕು ಹಾಕಿಕೊಂಡು ನಾಲ್ಕನ್ನು ದಾಟಿ ಹೋಗಬಹುದು, ಆದರೆ ಷಟರು ಕೊಯ್ಯಲು ಸಂಜೆಯಾಗುತ್ತದೆ, ಕೊಯ್ಯುವಾಗ ಹಾರುವ ಕಿಡಿ ಕಾಗದದ ಮೇಲೇ ಬೀಳುತ್ತದೆ ಎಂದರು. ಷಟರನ್ನು ಯಂತ್ರವೇ ಎತ್ತಬೇಕು. ಯಂತ್ರ ಎತ್ತಬೇಕಾದರೆ ಮೊದಲು ಎಲ್ಲ ಸುರಂಗಗಳಿಗೂ ಹೊಸ ಗಾಳಿ ತುಂಬುತ್ತದೆ. ಗಾಳಿಯಿಲ್ಲದ ಕಡೆಗೆ ಯಾರೂ ಕಾಲಿಟ್ಟು ಸಾಯದಿರಲಿ ಎಂದು ಹಾಗೆ ಮಾಡಿದ್ದರು. ಗಾಳಿ ತುಂಬಿದರೆ ನಾಲ್ಕರ ಕೆಂಡವೂ ಹೊತ್ತಿಕೊಳ್ಳಬಹುದು, ಹಾಗಾಗಿ ಅದಕ್ಕೆ ಅರ್ಧಕ್ಕಿಂತ ಹೆಚ್ಚು ಒಪ್ಪಿಗೆ ಬೇಕು.

"ಒಪ್ಪಿಗೆ ಕೇಳಿದೀಯಾ?" ಅಂಬುಜಾಕ್ಷಿ ಕೇಳಿದಳು.

"ಎಲ್ಲರಿಗೂ ಕಳಿಸಿದೀನಿ. ರಜ ಅಲ್ವಾ ಮೇಡಂ. ಒಬ್ರು ಮದುವೇಲಿದಾರೆ, ಒಬ್ರು ವಿಮಾನದಲ್ಲಿದಾರೆ. ಸಿಕ್ಕಿದೋರು ನಾಲ್ಕರಲ್ಲಿ ನಮ್ಮ ಪುಸ್ತಕ ಇದೆಯಾ ಅಂತ ಮೊದಲು ಕೇಳ್ತಿದಾರೆ."

ಡಬ್ಬಿಯ ಗಾಳಿ ಬಿಸಿಯಾಗಿ, ಲೋಹದ ರುಚಿ ಹತ್ತಿ, ಕೊನೆಗೆ ನಿಂತಿತು. ಅವಳು ಅದನ್ನು ಬಿಚ್ಚಿ ನೆಲದ ಮೇಲೆ ಕೂತಳು. ಸುರಂಗ ನೋಡಲು ಬೆಳಿಗ್ಗೆಯ ಹಾಗೇ ಇತ್ತು. ದೀಪ ಉರಿಯುತ್ತಿತ್ತು, ಕಪಾಟುಗಳು ಸಾಲಾಗಿ ನಿಂತಿದ್ದವು, ಎಲ್ಲೂ ಹೊಗೆಯ ವಾಸನೆ ಕೂಡ ಇರಲಿಲ್ಲ. ಇಷ್ಟು ಅಚ್ಚುಕಟ್ಟಾದ ಜಾಗದಲ್ಲಿ ಸಾಯಬಹುದೆಂದು ಅವಳಿಗೆ ತೋಚಿಯೇ ಇರಲಿಲ್ಲ. ಉಸಿರು ಎಳೆದರೆ ಎದೆ ತುಂಬುತ್ತಿತ್ತು, ಆದರೆ ತುಂಬಿದ್ದರಲ್ಲಿ ಏನೂ ಇರುತ್ತಿರಲಿಲ್ಲ. ತುಟಿ ಜುಮುಗುಡತೊಡಗಿತು. ಬೆರಳಿನ ಉಗುರು ನೋಡಿಕೊಂಡಳು; ನೇರಳೆ ಬಣ್ಣಕ್ಕೆ ತಿರುಗಿತ್ತು.

ಆಗ ಕಿಂಡಿಯಲ್ಲಿ ಗಡಗಡ ಸದ್ದಾಯಿತು. ಟ್ರಂಕೊಂದು ಮೇಲಿನಿಂದ ಇಳಿದು ಬಂತು. ಹೊಗೆಯಿರುವ ಸುರಂಗ ಬಿಟ್ಟು ಉಳಿದೆಡೆ ಎರವಲು ನಿಲ್ಲಕೂಡದು ಎಂಬುದೂ ಕೂಟದ ಒಪ್ಪಂದದಲ್ಲಿ ಇತ್ತು. ಸಿಂಧನೂರಿನ ಕೌಂಟರಿನಲ್ಲಿ ಯಾರೋ ಕುರಿಗಳ ರೋಗದ ಪುಸ್ತಕ ಕೇಳಿದ್ದರು. ಟ್ರಂಕಿನ ಮುಚ್ಚಳ ತೆರೆದುಕೊಂಡಿತು. ಯಂತ್ರದ ಕೈ ಕಪಾಟಿನ ಕಡೆ ಚಾಚಿ ಹುಡುಕುತ್ತಿರುವಾಗ ಅಂಬುಜಾಕ್ಷಿಯ ಮುಖಕ್ಕೆ ತಂಪಾದ ಏನೋ ಒಂದು ತಾಗಿತು. ಅವಳು ಯೋಚಿಸಲಿಲ್ಲ, ತೆವಳಿಕೊಂಡು ಹೋಗಿ ತಲೆಯನ್ನು ಟ್ರಂಕಿನೊಳಗೆ ಹಾಕಿದಳು.

ಒಳಗೆ ಮೇಲಿನ ಲೋಕದ ಗಾಳಿ ಇತ್ತು. ಗೋಣಿಚೀಲದ, ಚಹಾದ, ಯಾರದೋ ಬೀಡಿಯ ವಾಸನೆ ಬೆರೆತ ಗಾಳಿ. ಅವಳು ಅದನ್ನು ಕುಡಿದಳು. ಕಣ್ಣಿಗೆ ಕವಿದಿದ್ದ ಮಬ್ಬು ಸರಿಯಿತು. ಯಂತ್ರದ ಕೈ ಬಂದು ಅವಳ ಕೆನ್ನೆಯ ಪಕ್ಕಕ್ಕೇ ಕುರಿಗಳ ಪುಸ್ತಕವನ್ನು ಮೆಲ್ಲಗೆ ಇಟ್ಟಿತು. ಮುಚ್ಚಳ ಇಳಿಯತೊಡಗಿದಾಗ ತಲೆ ಹೊರಗೆಳೆದುಕೊಂಡಳು. ತಡೆದರೆ ಯಂತ್ರ ಅದನ್ನು ಕೆಟ್ಟುಹೋದದ್ದೆಂದು ತಿಳಿದು ಕಿಂಡಿಯನ್ನೇ ನಿಲ್ಲಿಸಿಬಿಡುತ್ತದೆಂದು ಅವಳಿಗೆ ಗೊತ್ತಿತ್ತು. ಟ್ರಂಕು ಹೋಯಿತು.

ಫೋನು ಹಿಡಿದುಕೊಂಡು ಹೇಳಿದಳು: "ಸ್ಟ್ಯಾನ್ಲಿ, ಟ್ರಂಕಿನಲ್ಲಿ ಗಾಳಿ ಬರುತ್ತೆ. ಐದರ ಪುಸ್ತಕ ಯಾರಾದ್ರೂ ಕೇಳಿದ್ರೆ ಒಂದು ಟ್ರಂಕು ಗಾಳಿ. ಯಾವ ಪುಸ್ತಕ ಆದ್ರೂ ಸರಿ. ಉಸಿರಿನ ಡಬ್ಬಿ ಇಟ್ಟು ಕಳಿಸೋಕಾಗಲ್ಲ, ಪುಸ್ತಕಕ್ಕೆ ಹೊರಟ ಟ್ರಂಕು ಖಾಲಿ ಇರದಿದ್ರೆ ಯಂತ್ರ ಇಳಿಸಲ್ಲ. ಕೌಂಟರಲ್ಲಿ ಕೂತಿರೋರು ಸಾಕು, ಮುಖ್ಯಸ್ಥರು ಬೇಕಾಗಿಲ್ಲ. ನೀನು ಇಲ್ಲಿಂದ ಕೇಳೋಕಾಗಲ್ಲ, ನಮಗೆ ಹಕ್ಕಿಲ್ಲ. ಅವರಿಗೆ ಫೋನ್ ಮಾಡು."

"ಮಾಡ್ತೀನಿ ಮೇಡಂ," ಎಂದ ಸ್ಟ್ಯಾನ್ಲಿ.

ಸಿಂಧನೂರಿನವರೇ ಮೊದಲು. ಆಮೇಲೆ ಕಾರವಾರ. ಹೊಸದುರ್ಗದ ಕೌಂಟರಿನಲ್ಲಿದ್ದ ಹೆಂಗಸು ಪೂರ್ತಿ ಕೇಳಿಸಿಕೊಳ್ಳುವ ಮುಂಚೆಯೇ, "ಯಾವ್ದಾದ್ರೂ ಪರವಾಗಿಲ್ವಾ? ಹಾಗಾದ್ರೆ ಕಣ್ಣು ಮುಚ್ಕೊಂಡು ಒತ್ತೀನಿ ಬಿಡಿ," ಅಂದಳಂತೆ. ಭಾಲ್ಕಿಯಲ್ಲಿ ಪೇಪರ್ ಓದಲು ಬಂದಿದ್ದ ಮುದುಕರು ಸಾಲುಗಟ್ಟಿ ನಿಂತು ತಮ್ಮ ಕಾರ್ಡು ಕೊಟ್ಟರಂತೆ. ಸ್ಟ್ಯಾನ್ಲಿ ಇದನ್ನೆಲ್ಲ ನಡುನಡುವೆ ಫೋನಿನಲ್ಲಿ ಹೇಳುತ್ತಿದ್ದ, ಅವಳು ನಿದ್ದೆಹೋಗದಿರಲೆಂದು.

ಟ್ರಂಕುಗಳು ಬರತೊಡಗಿದವು. ಒಂದರ ಹಿಂದೆ ಒಂದು ಬಂದರೆ ನಿರಾಳ. ನಡುವೆ ಬಿಡುವಾದರೆ ಸುರಂಗ ಮತ್ತೆ ಅವಳ ಎದೆಯ ಮೇಲೆ ಕೂರುತ್ತಿತ್ತು. ಅವಳು ಮಂಡಿಯೂರಿ ಕಿಂಡಿಯ ಮುಂದೆ ಕಾದಿದ್ದು, ತಲೆ ಒಳಗೆ ಹಾಕಿ ಉಸಿರಾಡಿ, ಕೆನ್ನೆಯ ಪಕ್ಕದಲ್ಲಿ ಪುಸ್ತಕ ಬಂದು ಕೂತೊಡನೆ ಹಿಂದೆ ಸರಿಯುತ್ತಿದ್ದಳು. ಅಡುಗೆಯ ಪುಸ್ತಕ, ಛಂದಸ್ಸಿನ ಪುಸ್ತಕ, ಹಳೆಯ ರೈಲ್ವೆ ವೇಳಾಪಟ್ಟಿ, ಹಸ್ತಸಾಮುದ್ರಿಕ. ಯಾರಿಗೂ ಬೇಡದ ಪುಸ್ತಕಗಳು. ನಾಡಿನ ಯಾವ್ಯಾವುದೋ ಊರಿನ, ಅವಳ ಮುಖವನ್ನೇ ನೋಡದ ಜನ ಅವನ್ನು ಕೇಳುತ್ತಿದ್ದರು.

ಆದರೆ ಹಕ್ಕು ಲೆಕ್ಕದ್ದು. ತೆರೆದಿದ್ದ ಕೌಂಟರುಗಳ ಪಾಲು ಒಂದೊಂದಾಗಿ ಮುಗಿಯುತ್ತ ಬಂತು. ಟ್ರಂಕುಗಳ ನಡುವಿನ ಅಂತರ ಹೆಚ್ಚಿತು.

ನಡುವೆ ಚಂಗಲರಾಯ ಕಂಟ್ರೋಲ್ ರೂಮಿಗೆ ಬಂದ. ಫೋನಿನಲ್ಲಿ ಅವನ ಉಸಿರು ಅವಳ ಉಸಿರಿಗಿಂತ ಜೋರಾಗಿತ್ತು.

"ಅಂಬುಜಾ."

"ಹೂಂ."

"ಊಟ ಮಾಡಿದ್ಯಾ?"

ಕೇಳಿದ ಮೇಲೆ ಅವನಿಗೇ ತಾನೇನು ಕೇಳಿದೆನೆಂದು ತಿಳಿದಿರಬೇಕು. ಅವಳು, "ಡಬ್ಬಿ ಆ ಕಡೆ ಇದೆ, ನಾಲ್ಕರಲ್ಲಿ," ಎಂದಳು. "ಬೇಕರಿ ಯಾರು ನೋಡ್ಕೊಳ್ತಿದಾರೆ?"

"ಬಾಗಿಲು ಹಾಕಿ ಬಂದೆ."

"ಒಲೆ ಆರಿಸಿದ್ಯಾ?"

"ಆರಿಸಿದೆ. ನೀನು ಮಾತಾಡ್ಬೇಡ. ಉಸಿರು ಉಳಿಸ್ಕೋ. ನಾನು ಇಲ್ಲೇ ಕೂತಿರ್ತೀನಿ." ಅವನು ಫೋನು ಇಡಲಿಲ್ಲ. ಎಷ್ಟೋ ಹೊತ್ತು ಅವನು ಕುರ್ಚಿಯಲ್ಲಿ ಮಿಸುಕಾಡುವ ಸದ್ದು ಮಾತ್ರ ಅವಳಿಗೆ ಕೇಳುತ್ತಿತ್ತು.

ಒಪ್ಪಿಗೆಗಳು ಒಂದೊಂದಾಗಿ ಬಂದವು. ನಾಲ್ಕನೆಯದರಲ್ಲಿ ಹೆಚ್ಚೇನೂ ಇಡದಿದ್ದವರು ಬೇಗ ಒತ್ತಿದರು. ಕೆಲವರು ಕಮಿಟಿ ಕರೆಯಬೇಕು ಎಂದರು. ಒಬ್ಬರು, ಕೆಂಡ ಆರುವವರೆಗೆ ಒಂದು ದಿನ ಕಾಯಲಾಗದೇ ಎಂದು ಬಹಳ ಸೌಜನ್ಯದಿಂದ ಕೇಳಿದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಇನ್ನೊಂದೇ ಒಪ್ಪಿಗೆ ಬೇಕಿತ್ತು, ಮತ್ತು ಸಿಕ್ಕುವವರಲ್ಲಿ ಉಳಿದವರು ಒಬ್ಬರೇ: ಶಿರಗುಂಡಿಯ ನೀಲಾಂಬಿಕಾ ಅಂಗಡಿ.

ಶಿರಗುಂಡಿ ಉತ್ತರದ ಚಿಕ್ಕ ಪಟ್ಟಣ. ಅಲ್ಲಿನ ಗ್ರಂಥಾಲಯದಲ್ಲಿ ಸುತ್ತಲಿನ ಊರುಗಳ ದೊಡ್ಡಾಟದ ಮೇಳಗಳು ತಲೆಮಾರುಗಳಿಂದ ಕೈಯಲ್ಲಿ ಬರೆದಿಟ್ಟ ಆಟದ ಪ್ರತಿಗಳಿದ್ದವು. ಬೇರೆಲ್ಲೂ ಇಲ್ಲದವು. ನೀಲಾಂಬಿಕಾ ಮನೆಮನೆ ತಿರುಗಿ, ಕಾಡಿ ಬೇಡಿ, ಅವನ್ನು ಕೂಡಿಸಿದ್ದರು. ಒದ್ದೆಯ ಗೋಡೆಯಿಂದ ಉಳಿಯಲೆಂದು ಅವರೇ ಲಾರಿ ಹತ್ತಿಸಿ ಹೊನ್ನಕೆರೆಗೆ ಕಳಿಸಿದ್ದರು. ಎಲ್ಲವೂ ನಾಲ್ಕನೇ ಸುರಂಗದಲ್ಲಿ, ಕೆಂಡವಿದ್ದ ಕಪಾಟಿನ ಪಕ್ಕದಲ್ಲೇ ಇದ್ದವು.

ಅವರು ಒಪ್ಪಿಗೆ ಒತ್ತುವ ಮೊದಲು ಒಳಗಿರುವವಳ ಜೊತೆ ಮಾತಾಡಬೇಕೆಂದರು. ಸ್ಟ್ಯಾನ್ಲಿ ಫೋನು ಜೋಡಿಸಿದ.

"ಕೇಳಸ್ತದೇನವಾ?"

"ಕೇಳಿಸುತ್ತೆ ಮೇಡಂ."

"ನಿನ್ನ ಹೆಸರೇನು?"

ಅವಳು ಹೇಳಿದಳು.

"ಅಂಬುಜಾಕ್ಷಿ, ನಾ ಒಂದು ಮಾತು ಕೇಳತೀನಿ. ಮ್ಯಾಲಿನವರು ಏನೂ ಆಗೂದಿಲ್ಲ ಒತ್ರಿ ಅಂತಾರ. ಅವರು ಹೇಳೂದು ಹೇಳತಾರ. ನೀ ಆ ಯಂತ್ರ ಬಲ್ಲಾಕಿ. ಗಾಳಿ ಬಿಟ್ರ ನಮ್ಮ ಕಟ್ಟು ಉಳೀತಾವೇನು?"

ಸುಳ್ಳು ಹೇಳುವುದು ಬಹಳ ಸುಲಭವಿತ್ತು. ಉಳಿಯುತ್ತವೆ ಎಂಬ ಒಂದು ಮಾತು. ಅದಕ್ಕೆ ಹೆಚ್ಚು ಉಸಿರೂ ಬೇಡ. ಅಂಬುಜಾಕ್ಷಿ ಕಿಂಡಿಯ ಕಡೆ ನೋಡಿದಳು. ಟ್ರಂಕು ಬಂದು ಬಹಳ ಹೊತ್ತಾಗಿತ್ತು. ನಾಲಗೆ ದಪ್ಪಗಾಗಿ ಬಾಯೊಳಗೆ ಹೊರಳುತ್ತಿರಲಿಲ್ಲ. ಬೆಳಿಗ್ಗೆಯಿಂದ ತನಗಾಗಿ ಗುಂಡಿ ಒತ್ತಿದ ಯಾರೊಬ್ಬರೂ ತನ್ನನ್ನು ಏನನ್ನೂ ಕೇಳಿರಲಿಲ್ಲ. ಈ ಹೆಂಗಸೊಬ್ಬಳೇ ಕೇಳುತ್ತಿದ್ದಾಳೆ, ಮತ್ತು ತಾನು ಏನು ಹೇಳಿದರೂ ನಂಬುತ್ತಾಳೆ.

"ಸ್ಟ್ಯಾನ್ಲಿ ಹೇಳಿದ ಪ್ರಕಾರ ಶಾಖ ಇಳಿದಿಲ್ಲ ಮೇಡಂ," ಎಂದಳು. "ಕಟ್ಟುಗಳ ನಡುವೆ ಕೆಂಡ ಇದೆ. ಗಾಳಿ ಹೋದ ತಕ್ಷಣ ಹೊತ್ತಿಕೊಳ್ಳುತ್ತೆ. ನಿಮ್ಮದು ಪಕ್ಕದಲ್ಲೇ ಇರೋದು. ಉಳಿಯಲ್ಲ."

ಚಂಗಲರಾಯನೂ ಈ ಮಾತು ಕೇಳಿಸಿಕೊಳ್ಳುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಅವನ ಕುರ್ಚಿ ಒಮ್ಮೆ ಕಿರ್ರೆಂದು ನಿಂತಿತು.

"ಮನ್ಯಾಗ ಯಾರ್ಯಾರು ಅದಾರವಾ?" ನೀಲಾಂಬಿಕಾ ಕೇಳಿದರು.

"ನಾನು, ನಮ್ಮನೆಯವರು."

"ಮಕ್ಕಳು?"

"ಇಲ್ಲ."

"ನನಗೂ ಇಲ್ಲ," ಎಂದರು. "ಆ ಕಟ್ಟಿನೊಳಗ ನಾ ಒಂದಕ್ಷರ ಬರದಿಲ್ಲ. ಬರದವರು ಒಬ್ಬರೂ ಉಳದಿಲ್ಲ. ಹೌದಂದ್ರ ನಾ ಅವರಿಗೆ ಏನ ಹೇಳ್ಲಿ, ಇಲ್ಲಂದ್ರ ನಿನ್ನ ಗಂಡಗ ಏನ ಹೇಳ್ಲಿ." ಫೋನು ಕಟ್ಟಾಯಿತು.

ಒಪ್ಪಿಗೆ ಬಂತೋ ಇಲ್ಲವೋ ಎಂದು ಅಂಬುಜಾಕ್ಷಿಗೆ ತಿಳಿಯಲಿಲ್ಲ. ಕಿಂಡಿಯ ಪಕ್ಕದ ಗೋಡೆಗೆ ಒರಗಿದಳು. ಕಪಾಟುಗಳು ದೂರ ದೂರ ಹೋಗುತ್ತಿದ್ದವು. ಅಷ್ಟರಲ್ಲಿ ತಲೆಯ ಮೇಲೆ ಎಲ್ಲೋ ದೊಡ್ಡ ಫ್ಯಾನು ತಿರುಗುವ ಸದ್ದು ಕೇಳಿಸಿತು. ಗಾಳಿ ನೀರಿನಂತೆ ನುಗ್ಗಿತು. ಷಟರು ನೆಲ ಬಿಟ್ಟು ಮೇಲೇಳತೊಡಗಿತು.

ಅವಳು ಅದರ ಕೆಳಗೆ ನುಸುಳಿ ನಾಲ್ಕಕ್ಕೆ ಬಂದಳು. ಅಲ್ಲಿಯೂ ಅದೇ ಗಾಳಿ ತುಂಬಿತ್ತು. ನಡುವಿನ ಕಪಾಟಿನಲ್ಲಿ ಕೆಂಪಾಗಿದ್ದದ್ದು ಅವಳ ಕಣ್ಣೆದುರೇ ಹಳದಿಯಾಯಿತು, ಭುಗ್ಗೆಂದು ಎದ್ದು ಪಕ್ಕಕ್ಕೆ ಹಾರಿತು. ಕೆಂಪು ಬಟ್ಟೆಯಲ್ಲಿ ಸುತ್ತಿದ ಕಟ್ಟುಗಳು, ದಾರಿಯ ಅಂಚಿನಲ್ಲೇ, ಕೈಗೆ ಎಟಕುವಷ್ಟು ಹತ್ತಿರ. ಒಂದನ್ನು ಎಳೆದುಕೊಳ್ಳಬಹುದಿತ್ತು. ಅವಳು ಕೈ ಚಾಚಲಿಲ್ಲ. ತಲೆ ತಗ್ಗಿಸಿ ಓಡಿದಳು. ಮಾಸ್ಕಿನವರು ಎದುರು ಬಂದು ಎತ್ತಿಕೊಂಡರು. ದೊಡ್ಡ ಬಾಗಿಲು ಹಿಂದೆ ಮುಚ್ಚಿತು, ಸಾರಜನಕ ಮತ್ತೆ ಬಿಟ್ಟರು. ಉಳಿದ ಸುರಂಗಗಳು ಉಳಿದವು. ನಾಲ್ಕರಲ್ಲಿ ಕಪಾಟಿನ ಉಕ್ಕು ಮಾತ್ರ ಉಳಿಯಿತು.

ಹೊರಗೆ ಬಿಸಿಲಿತ್ತು. ಚಂಗಲರಾಯ ಅವಳ ಮುಖ ಹಿಡಿದುಕೊಂಡ. ಅವನ ಕೈಯಿಂದ ಮೈದಾದ ವಾಸನೆ ಬರುತ್ತಿತ್ತು. "ಯಾಕೆ ಹಾಗೆ ಹೇಳಿದೆ ಅವರಿಗೆ?" ಎಂದು ಕೇಳಿದ. ಅವಳು ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತಲೇ ಇದ್ದಳು. ಅವನು ಆಮೇಲೆ ಎಂದೂ ಅದನ್ನು ಕೇಳಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಅಂಬುಜಾಕ್ಷಿಗೆ ಮನೆಯಲ್ಲಿ ಬಾಗಿಲು ಮುಚ್ಚಲು ಆಗುತ್ತಿರಲಿಲ್ಲ. ಸ್ನಾನದ ಮನೆಯ ಬಾಗಿಲನ್ನೂ ಅರೆ ತೆರೆದಿಡುತ್ತಿದ್ದಳು. ಚಂಗಲರಾಯ ಅಡುಗೆಮನೆಯ ಕಿಟಕಿಗೆ ಇದ್ದ ಗಾಜನ್ನು ತೆಗೆಸಿ ಬರೀ ಜಾಲರಿ ಹಾಕಿಸಿದ. ಕೂಟದವರು ಸಭೆ ಸೇರಿ ನಿಯಮ ತಿದ್ದಿದರು. ಒಳಗೆ ಮನುಷ್ಯರಿದ್ದರೆ ಇನ್ನು ಯಾರ ಒಪ್ಪಿಗೆಯೂ ಬೇಡ ಎಂದಾಯಿತು. ಅವಳನ್ನು ಮತ್ತೆ ಕೆಳಗೆ ಕಳಿಸದೆ ಮೇಲಿನ ಮೇಜಿನಲ್ಲಿ ಕೂರಿಸಿದರು. ನಾಲ್ಕನೇ ಸುರಂಗದ ಪುಸ್ತಕ ಕೇಳಿ ಬಂದ ಬೇಡಿಕೆಗಳಿಗೆ ಉತ್ತರ ಕೊಡುವ ಕೆಲಸ.

ಪ್ರತಿದಿನ ಯಾರೋ ಕೇಳುತ್ತಿದ್ದರು. ಒಬ್ಬ ವಕೀಲ ಯಾವುದೋ ಹಳೆಯ ಗಡಿಯ ನಕ್ಷೆ ಕೇಳಿದ. ಒಬ್ಬಳು ತನ್ನ ತಾಯಿ ಬರೆದ ಒಂದೇ ಒಂದು ಕವನ ಸಂಕಲನ ಕೇಳಿದಳು. ಆ ಪುಸ್ತಕ ಈಗ ಇಲ್ಲ ಎಂದು ಅಂಬುಜಾಕ್ಷಿ ಹೇಳುತ್ತಿದ್ದಳು. ಯಾಕೆ ಇಲ್ಲ ಎಂದು ಕೇಳಿದರೆ ಬೆಂಕಿ ಬಿತ್ತು ಎನ್ನುತ್ತಿದ್ದಳು. ಯಾರೂ ಬೈಯುತ್ತಿರಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸುತ್ತಿತ್ತು. ತೆರೆದ ಕಿಟಕಿಯ ಪಕ್ಕ ಕೂತಿದ್ದರೂ ಅವಳಿಗೆ ಉಸಿರು ಸಾಲದೆ ಬರುತ್ತಿತ್ತು.

ಬೇಸಿಗೆ ಕಳೆದ ಮೇಲೆ ಒಂದು ದಿನ ಗಂಡನಿಗೆ ಹೇಳಿ ಶಿರಗುಂಡಿಗೆ ಹೋದಳು. ನೀಲಾಂಬಿಕಾ ಬಸ್ ನಿಲ್ದಾಣಕ್ಕೇ ಬಂದಿದ್ದರು. ಚಿಕ್ಕ ದೇಹದ, ದಪ್ಪ ಕನ್ನಡಕದ ಹೆಂಗಸು. ಅಂಬುಜಾಕ್ಷಿಯ ಕೈಯಲ್ಲಿದ್ದ ಚೀಲವನ್ನು ಇಸಿದುಕೊಂಡು, "ಬಾ, ಮೊದಲು ಊಟ," ಎಂದರು. ಬೆಂಕಿಯ ಮಾತೇ ಎತ್ತಲಿಲ್ಲ. ಅಂಬುಜಾಕ್ಷಿ ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಅಲ್ಲೇ ಬಿಟ್ಟು ರೊಟ್ಟಿ ಮುರಿದಳು.

ಊಟವಾಗಿ ಗ್ರಂಥಾಲಯಕ್ಕೆ ಹೋದಾಗ ಅಲ್ಲಿ ಒಬ್ಬ ಮುದುಕ ಕಾದು ಕೂತಿದ್ದ. ದ್ಯಾಮಣ್ಣ ಎಂದು ಹೆಸರು, ದೊಡ್ಡಾಟದಲ್ಲಿ ರಾಜನ ಪಾತ್ರ ಮಾಡಿದವನು. ಮೇಳದ ಹುಡುಗರು ಆಟ ಮತ್ತೆ ಕಲಿಯಬೇಕೆನ್ನುತ್ತಿದ್ದಾರೆ, ನಮ್ಮ ಪ್ರತಿ ಗಣಿಯಿಂದ ತರಿಸಿಕೊಡಿರೆಂದು ಅವನು ಮೂರ್ನಾಲ್ಕು ಸಲ ಬಂದು ಹೋಗಿದ್ದ. ನೀಲಾಂಬಿಕಾ ಅವನಿಗೆ ಏನನ್ನೂ ಹೇಳಿರಲಿಲ್ಲ. ಈಗಲೂ ಅವರು ಬಾಗಿಲಲ್ಲೇ ನಿಂತರು.

ಅಂಬುಜಾಕ್ಷಿ ಅವನ ಎದುರು ಬೆಂಚಿನ ಮೇಲೆ ಕೂತಳು. "ಅಜ್ಜಾ, ನಿಮ್ಮ ಪ್ರತಿ ಸುಟ್ಟುಹೋಯ್ತು," ಎಂದಳು. "ನಾನು ಒಳಗೆ ಸಿಕ್ಕಿಹಾಕಿಕೊಂಡಿದ್ದೆ. ನನ್ನನ್ನು ಹೊರಗೆ ತೆಗೀಬೇಕಾದ್ರೆ ಗಾಳಿ ಬಿಡಬೇಕಿತ್ತು. ಬಿಟ್ಟರು. ಅದು ಸುಟ್ಟಿತು."

ದ್ಯಾಮಣ್ಣ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ, ಆಟದ ಪ್ರತಿಯ ಬದಲಿಗೆ ಏನು ಉಳಿದಿದೆ ಎಂದು ನೋಡುವವನ ಹಾಗೆ. ಆಮೇಲೆ ನೀಲಾಂಬಿಕಾ ಕಡೆ ತಿರುಗಿದ. "ಎಲ್ಲಾನೂ ಏನ್ರಿ ಅಕ್ಕಾರ?"

"ಎಲ್ಲಾನೂ."

ಅವನು ಹೆಗಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. "ನನಗ ನನ್ನ ಮಾತಷ್ಟ ಬರ್ತಾವು," ಎಂದ. "ರಾಜಾಂದು. ಹೆಣ್ಣಿನ ಪಾತ್ರ, ಆಕೀ ಮಾತು ನಮ್ಮ ಭರಮಪ್ಪಗ ಬರ್ತಿದ್ದವು. ಅಂವ ಹೋಗಿ ಹತ್ತ ವರ್ಷಾತು."

"ನಿಮಗೆ ಬರೋದನ್ನೇ ಹೇಳಿ ಅಜ್ಜಾ," ಎಂದಳು ಅಂಬುಜಾಕ್ಷಿ.

ನೀಲಾಂಬಿಕಾ ಮೇಜಿನ ಮೇಲಿದ್ದ ಧ್ವನಿಮುದ್ರಣದ ಯಂತ್ರವನ್ನು ತಂದು ನಡುವೆ ಇಟ್ಟರು. ದ್ಯಾಮಣ್ಣ ಎದ್ದು ನಿಂತ. ಬಾಗಿದ ಬೆನ್ನು ನೆಟ್ಟಗಾಯಿತು. ಇಷ್ಟು ಹೊತ್ತು ಮಾತಾಡಿದ ದನಿಯಲ್ಲ, ಬೇರೆಯದೇ ದನಿಯಲ್ಲಿ, ಹಿಂದಿನ ಸಾಲಿನವರಿಗೂ ಕೇಳುವಂತೆ ಹೇಳಿದ:

"ಎಲೈ ಬಾಲೆಯೇ, ನಿನ್ನ ಪಟ್ಟಣ ಯಾವುದು, ನಿನ್ನನ್ನು ಹಡೆದ ತಾಯಿತಂದೆಗಳು ಯಾರು, ಈ ಹೊಳೆಯ ದಂಡೆಯಲ್ಲಿ ಒಬ್ಬಳೇ ಕುಳಿತು ಯಾತಕ್ಕೆ ರೋದಿಸುವಿ?"

ಹೇಳಿ ನಿಲ್ಲಿಸಿದ. ಎದುರಿಗೆ ಯಾರೂ ಇರಲಿಲ್ಲ. ಮುಂದಿನ ಮಾತು ಶುರುಮಾಡುತ್ತಾನೆಂದು ಅಂಬುಜಾಕ್ಷಿ ಕಾದಳು. ಅವನು ಶುರುಮಾಡಲಿಲ್ಲ. ಕಣ್ಣು ಅರೆಮುಚ್ಚಿ, ಕಾಲಿನ ಹೆಬ್ಬೆರಳಿನಿಂದ ನೆಲದ ಮೇಲೆ ಮೆಲ್ಲಗೆ ತಾಳ ಹಾಕುತ್ತ ನಿಂತಿದ್ದ.

ನೀಲಾಂಬಿಕಾ ಯಂತ್ರ ನಿಲ್ಲಿಸಲು ಕೈ ಚಾಚಿದರು. ದ್ಯಾಮಣ್ಣ ಬೇಡವೆಂದು ತಲೆಯಾಡಿಸಿದ.

"ಈಗ ಆಕೀ ಹಾಡು," ಎಂದ ಮೆಲ್ಲಗೆ. "ಅದು ಉದ್ದ ಐತಿ. ಮುಗೀಲಿ."

ಮೂವರೂ ಅದು ಮುಗಿಯುವವರೆಗೆ ಕಾದರು.